ಹೆಸರು ಕೊರೆಸದ ಭಾಂಡೆಗಳು

ಅವರ ಉಡದಾರಕ್ಕೆ ಕೀಲಿಗೊಂಚಲಿನ ಜೊತೆ ಕುದುರೆಲಾಳದಂಥ ಒಂದು ಅಯಸ್ಕಾಂತ ತೂಗುತ್ತಿತ್ತು. ಅದರ ತುದಿಗೆ ಯಾವಾಗಲೂ ಏನಾದರೊಂದು ಅಂಟಿಕೊಂಡಿರುತ್ತಿತ್ತು: ಗುಂಡುಸೂಜಿ, ಬ್ಲೇಡಿನ ಚೂರು, ಮಗ್ಗದಿಂದ ಉದುರಿದ ಸಣ್ಣ ಮೊಳೆ. ಅವರು ಕುಳಿತೆದ್ದರೆ ಖಣಖಣ ಸದ್ದು. 'ಬನಹಟ್ಟಿ ಪ್ಯಾಟ್ಯಾಗಿನ ಹಾಳ ಕಬ್ಬಿಣೆಲ್ಲಾ ಇವರ ಸೊಂಟಕ್ಕ ಹತ್ತಿ ಮನಿಗೆ ಬರತೈತಿ' ಎಂದು ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುವವರು, ದಿನಾ ಸಂಜೆ ಗೊಣಗುತ್ತ ಅದನ್ನು ಕಿತ್ತು ಒಗೆಯುತ್ತಿದ್ದರು.

ಊರಿಗೆಲ್ಲ ಅವರು ಭಾಂಡೆ ಕಾಕಾ. ಪಾತ್ರೆಗೆ ನಮ್ಮ ಕಡೆ ಭಾಂಡೆ ಎನ್ನುತ್ತಾರೆ. ಅವರದು ಸ್ಟೀಲ್ ಭಾಂಡೆಯ ಅಂಗಡಿ. ನೆಲದಿಂದ ತೊಲೆಯ ತನಕ ಕೊಡ, ತಾಟು, ಹಂಡೆ, ಡಬರಿ. ಬೀಳಗಿ, ಮುಧೋಳದ ಕಡೆಯಿಂದ ಮದುವೆಯ ಸೀರೆಗೆಂದು ಬನಹಟ್ಟಿಗೆ ಬಂದವರು ಭಾಂಡೆಗೆಂದು ಇವರಲ್ಲಿಗೂ ಬರುತ್ತಿದ್ದರು. ಗಿರಾಕಿ ಕೊಡವನ್ನು ತಿರುಗಿಸಿ, ಬೆರಳಿನಿಂದ ಬಾರಿಸಿ, ಮುಖ ಹುಳ್ಳಗೆ ಮಾಡಿದರೆ ಕಾಕಾ ವಾದಕ್ಕೆ ಇಳಿಯುತ್ತಿರಲಿಲ್ಲ. ನ್ಯಾಯಾಧೀಶರ ಗಾಂಭೀರ್ಯದಿಂದ ಉಡದಾರದ ಅಯಸ್ಕಾಂತ ಬಿಚ್ಚಿ ಕೊಡದ ಹೊಟ್ಟೆಗೆ ಹಿಡಿಯುತ್ತಿದ್ದರು. ಅದು ಜಾರಿದರೆ ತೀರ್ಪು ಹೊರಬೀಳುತ್ತಿತ್ತು: 'ಅಂಟಂಗಿಲ್ಲ. ಒಳಗ ನಿಕ್ಕಲ್ ಐತಿ. ನಿಮ್ಮ ಮೊಮ್ಮಕ್ಕಳು ಇದರಾಗ ನೀರು ತರ್ತಾರ, ಒಯ್ರಿ.' ಅಂಟಿದರೆ ತಮ್ಮದೇ ಮಾಲಾದರೂ ಮುಚ್ಚಿಡುತ್ತಿರಲಿಲ್ಲ: 'ಇದು ಹಗುರ ಮಾಲು. ಎಮ್ಮಿಗೆ ಮುಸುರಿ ಇಡಾಕ ಆಕ್ಕೈತಿ.'

ಒಳ್ಳೆಯ ಸ್ಟೀಲಿನಲ್ಲಿ ನಿಕ್ಕಲ್ ಎಂಬ ಲೋಹ ಬೆರೆತಿರುತ್ತದೆ. ಅಂಥ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ. ಕಾಕಾನ ಸಮಗ್ರ ವಿಜ್ಞಾನ ಇಷ್ಟೇ. ಇಷ್ಟರ ಮೇಲೆಯೇ ಒಂದು ಅಂಗಡಿ, ಒಂದು ಸಂಸಾರ, ಒಂದು ಮರ್ಯಾದೆ ನಿಂತಿದ್ದವು. ನಮ್ಮ ಓಣಿಯಲ್ಲಿ ವರನ ಬಗ್ಗೆ ವಿಚಾರಿಸಿದರೂ ಜನ 'ಹುಡುಗ ಅಂಟಂಗಿಲ್ಲ ಬಿಡ್ರಿ' ಎನ್ನುತ್ತಿದ್ದರು. ಅಪ್ಪಟ ಎಂದು ಅದರ ಅರ್ಥ. ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನ ಯಾವ ಮಾತೂ ಈ ಊರಿನ ನಾಲಿಗೆಯ ಮೇಲೆ ಹೀಗೆ ಕೂತಿಲ್ಲ ಎಂಬುದನ್ನು ನಾನು ಆಗಾಗ ವಿಷಾದದಿಂದ ನೆನೆಯುವುದುಂಟು.

ಅಂಗಡಿಯ ಮೂಲೆಯಲ್ಲಿ ಹೆಸರು ಕೊರೆಯುವ ಯಂತ್ರವಿತ್ತು. ಮದುವೆಯಲ್ಲಿ ಆಹೇರ, ಅಂದರೆ ಉಡುಗೊರೆಯಾಗಿ, ಕೊಡುವ ಭಾಂಡೆಗೆ ಕೊಟ್ಟವರ ಹೆಸರು ಕೊರೆಸುವುದು ನಮ್ಮಲ್ಲಿ ಶಾಸ್ತ್ರಕ್ಕಿಂತ ಗಟ್ಟಿಯಾದ ರೂಢಿ. ಇದರಿಂದ ಎರಡು ಉಪಕಾರ. ಕೊಟ್ಟವರು ಯಾರೆಂದು ತಗೊಂಡವರು ಸಾಯುವ ತನಕ ಮರೆಯಲಾಗುವುದಿಲ್ಲ. ಊಟದ ಮನೆಗೆ ಎರವು ಹೋದ ಭಾಂಡೆಯನ್ನು ತಿರುಗಿ ತರುವಾಗ ಜಗಳವಾಗುವುದಿಲ್ಲ. ಕಾಕಾ ನಾಲಿಗೆ ಕಚ್ಚಿ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ತಾವೇ ಕೊರೆಯುತ್ತಿದ್ದರು. ದೀರ್ಘ ತಪ್ಪಿದರೆ ನಾನು ತಿದ್ದುತ್ತಿದ್ದೆ. 'ಮಾಸ್ತರ, ಸ್ಟೀಲಿನ ಮ್ಯಾಲ ರಬ್ಬರ್ ನಡಿಯಂಗಿಲ್ಲ. ಮೊದಲ ಹೇಳ್ಬೇಕು' ಎನ್ನುತ್ತಿದ್ದರು.

ಇಂಥ ಮನುಷ್ಯ ನಿಕ್ಕಲ್ ಗಣಿಯ ಷೇರು ಕೊಂಡರು ಎಂದರೆ, ಊರ ಬಾವಿ ಎದ್ದು ಜಮಖಂಡಿಗೆ ಹೋಯಿತು ಎಂದಷ್ಟೇ ಬೆರಗಾಯಿತು ನನಗೆ. ಬೆರಗಾಗಲು ನನಗೆ ಹೆಚ್ಚು ಅವಕಾಶವೂ ಇತ್ತು. ಕೊಂಡಾಗ ನಾನು ಪಕ್ಕದಲ್ಲೇ ಕೂತಿದ್ದೆ.

ಪಿಂಚಣಿಯ ಕೆಲಸಕ್ಕೆಂದು ಜಮಖಂಡಿಗೆ ಹೊರಟಿದ್ದೆ. ಬಸ್ಸಿನಲ್ಲಿ ಕಾಕಾ. ಇಳಿದವರೇ, 'ಮಾಸ್ತರ, ಹತ್ತು ಮಿನಿಟು ನನ್ನ ಕೂಡ ಬರ್ರಿ' ಎಂದು ಷೇರು ವ್ಯವಹಾರದ ಒಬ್ಬ ಏಜೆಂಟನ ಕಚೇರಿಗೆ ಕರೆದೊಯ್ದರು. ಅವರು ಕೊಳ್ಳಹೊರಟ ಕಂಪನಿ ಮುಂಬೈ ಷೇರುಪೇಟೆಯದು, ಬಹಳ ಸಣ್ಣದು. ಅದು ಅಗೆಯಲಿರುವ ಗುಡ್ಡ ಸಮುದ್ರದಾಚೆ. ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಗೆ ನಿಕ್ಕಲ್ ಬೇಕು, ಮುಂದೆ ಅದಕ್ಕೆ ಚಿನ್ನದ ಬೆಲೆ ಬರುತ್ತದೆ ಎಂದು ಕಾಕಾ ಎಲ್ಲೋ ಕೇಳಿದ್ದರು. ಅದಕ್ಕಿಂತ ದೊಡ್ಡದಾಗಿ, ಅವರಿಗೊಂದು ಹಳೆಯ ಸಿಟ್ಟಿತ್ತು.

'ಮುಂಬೈ ವ್ಯಾಪಾರಿ ಫೋನ್ ಮಾಡಿದಾಗೊಮ್ಮೆ ಒಂದ ಹಾಡು. ನಿಕ್ಕಲ್ ಏರೈತಿ, ಸ್ಟೀಲ್ ಏರೈತಿ. ಹುಟ್ಟಿದಾಗಿಂದ ಆ ನಿಕ್ಕಲ್ಲಿಗೆ ದಂಡ ತೆತ್ತೇನಿ ಮಾಸ್ತರ. ಈಗ ಏರಲಿ. ಒಂದ ಸರತೆ ನನ್ನ ಕಡೆ ಏರಲಿ!'

ಏಜೆಂಟ ಪ್ರಾಮಾಣಿಕ. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. 'ಕಾಕಾ, ಮೊದಲ ಹೇಳ್ತೇನಿ. ಇದು ಗಣಿ ಅಲ್ಲ, ಗಣಿ ಆದರೂ ಆಗಬಹುದು ಅನ್ನೂ ಗುಡ್ಡ. ಇನ್ನಾ ಒಂದು ಬುಟ್ಟಿ ನಿಕ್ಕಲ್ ಮಾರಿಲ್ಲ ಈ ಕಂಪನಿ. ಅಗದಾಗ ಸಿಗಲಿಲ್ಲಂದ್ರ ರೊಕ್ಕ ಹೋತು. ಸಿಕ್ಕರೂ ತಗಿಯಾಕ ಖರ್ಚು ಹೆಚ್ಚಾದ್ರ ಹೋತು. ಸರಕಾರ ಪರವಾನಗಿ ಕೊಡಲಿಲ್ಲಂದ್ರೂ ಹೋತು. ಮಾರೂಣು ಅಂದ್ರ ಕೊಳ್ಳೋರು ಸಿಗಲಿಲ್ಲಂದ್ರ...'

'ಹೋತು ಹೋತು ಅಂತ ಏನ್ ಹಚ್ಚಿಯೋ ತಮ್ಮಾ? ನಾ ಏನ್ ಸತ್ತವರ ಮನಿಗೆ ಬಂದೇನೇನ? ಆ ಕಲ್ಲು ಕೊಡು ಇಲ್ಲೆ.'

ಮೇಜಿನ ಮೇಲೆ, ಕಾಗದ ಹಾರದಂತೆ, ಹಸಿರುಗಂದು ಬಣ್ಣದ ಒಂದು ಕಲ್ಲಿತ್ತು. ಆ ಗುಡ್ಡದ್ದೇ ಮಾದರಿಯೆಂದು ಕಂಪನಿ ಕಳಿಸಿದ್ದು. ಕಾಕಾ ಎದ್ದು ನಿಂತು ಅಂಗಿ ಎತ್ತಿದರು. ಉಡದಾರದಿಂದ ಅಯಸ್ಕಾಂತ ಬಿಚ್ಚಿದರು. ಏಜೆಂಟ ಬಾಯಿ ತೆರೆದು ನೋಡುತ್ತಿದ್ದ. ಕಲ್ಲಿನ ಈ ಮಗ್ಗುಲಿಗೆ ಹಿಡಿದರು, ಆ ಮಗ್ಗುಲಿಗೆ ಹಿಡಿದರು. ಅಯಸ್ಕಾಂತ ಜಾರಿತು.

'ಮಾಸ್ತರ,' ಎಂದರು ಕಾಕಾ, 'ಅಂಟಂಗಿಲ್ಲ.'

'ಕಾಕಾ, ಅದು ಕಲ್ಲರೀ...' ಎಂದ ಏಜೆಂಟ.

'ಕಲ್ಲ ಇರಲೇಳು. ಒಳಗ ಐತಿ.'

ಅಂಗಡಿಗೆ ಮಾಳಿಗೆ ಏರಿಸಲು ಕೂಡಿಟ್ಟ ಗಂಟು ಅಂದು ಸಮುದ್ರದಾಚೆಯ ಗುಡ್ಡಕ್ಕೆ ಹೋಯಿತು.

ಊರಿಗೆ ಬಂದ ಮೇಲೆ ಕಾಕಾ ಯಾರಿಗೂ 'ನೀವೂ ಹಾಕ್ರಿ' ಎನ್ನಲಿಲ್ಲ. ಆದರೆ ಸುದ್ದಿಗೆ ಕಾಲಿರುತ್ತವೆ. ಚಹಾದಂಗಡಿಯವನು ಬಂದು, 'ಹೆಂಗ ಕಾಕಾ, ಆ ಗುಡ್ಡ?' ಎಂದು ಕೇಳಿದ. ಕಾಕಾ ಒಂದೇ ಮಾತು ಹೇಳಿದರು: 'ಅಂಟಂಗಿಲ್ಲ.' ಈ ಪೇಟೆಯಲ್ಲಿ ಆ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ. ಚಹಾದವನು ಹಾಕಿದ. ಓಣಿಯ ತುದಿಯಲ್ಲಿ ಒಂದೇ ಮಗ್ಗ ಇಟ್ಟುಕೊಂಡು ಎರಡನೆಯದಕ್ಕೆ ಕೂಡಿಡುತ್ತಿದ್ದ ನೇಕಾರ ಹೆಣ್ಣುಮಗಳು ಹಾಕಿದಳು. ಇನ್ನೂ ಕೆಲವರು ಹಾಕಿದರು. ವಿಚಾರವಂತನೆಂದು ನಾಲ್ಕು ಸಭೆಗಳಲ್ಲಿ ಹಾರ ಹಾಕಿಸಿಕೊಂಡ ನಾನೂ ಹಾಕಿದೆ. ಏಜೆಂಟನ ಅಷ್ಟೂ 'ಹೋತು' ಕೇಳಿದ ಎರಡು ಕಿವಿಗಳು ನನಗಿದ್ದವು ಎಂಬುದನ್ನು ಇಲ್ಲಿ ನೆನಪಿಸುವುದು ನನ್ನ ಹೆಂಡತಿಯ ಕೆಲಸ. ಅವಳು ಅದನ್ನು ಚೆನ್ನಾಗಿಯೇ ನಿರ್ವಹಿಸಿದ್ದಾಳೆ.

ಮೊದಮೊದಲು ಷೇರು ಏರಿತು. ಕಾಕಾ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿಕೊಂಡರು. ಆಮೇಲೆ, ಗುಡ್ಡ ಕೊರೆಯಲು ಇನ್ನಷ್ಟು ಹಣ ಬೇಕೆಂದು ಕಂಪನಿ ಹೊಸ ಷೇರು ಹಂಚಿತು. 'ಹೋಳಿಗಿ ಅಷ್ಟ, ಪಂಕ್ತಿ ಉದ್ದಾತು' ಎಂದರು ಕಾಕಾ, ಆದರೂ ನಕ್ಕರು. ಕೊರೆದು ನೋಡಿ ಕಂಪನಿ ತಿಳಿಸಿತು: ನಿಕ್ಕಲ್ ಇದೆ, ಆದರೆ ತೆಳುವಾಗಿದೆ. ಅಷ್ಟರಲ್ಲಿ ಇಂಡೋನೇಷ್ಯಾದಿಂದ ಅಗ್ಗದ ನಿಕ್ಕಲ್ ಪೇಟೆಗೆ ನುಗ್ಗಿ, ತೆಗೆಯುವ ಖರ್ಚು ಮಾರುವ ಬೆಲೆಗಿಂತ ಹೆಚ್ಚಾಗಿ ಕೂತಿತು. ಷೇರು ದಿನಾ ಕೆಳಗೆ. ಮಾರಿಬಿಡೋಣ ಎಂದರೆ ಮಾರುವವರ ಸಾಲೇ ಇತ್ತು, ಕೊಳ್ಳುವವರ ನೆರಳಿರಲಿಲ್ಲ.

ಕಾಕಾಗೆ ಅರ್ಥವಾಗದೇ ಹೋದದ್ದು ಇದೇ. ಏಜೆಂಟನಿಗೆ ಫೋನಿನಲ್ಲಿ ಕೂಗುತ್ತಿದ್ದರು: 'ಯಾವ ಬೆಲಿಗೂ ಯಾರೂ ಕೇಳವಲ್ಲರು ಅಂದ್ರ ಅದು ಎಂಥಾ ಪ್ಯಾಟಿಯೋ? ನಮ್ಮ ಮುಧೋಳ ದನದ ಪ್ಯಾಟ್ಯಾಗ ಹಲ್ಲ ಉದುರಿದ ಎತ್ತಿಗೂ ಒಬ್ಬ ಕೇಳಾಂವ ಇರ್ತಾನ!'

ಆದರೂ ಅವರು ಕುಗ್ಗಲಿಲ್ಲ. ಪೇಟೆ ಸುಳ್ಳಾಡಬಹುದು, ಕಂಪನಿ ಸುಳ್ಳಾಡಬಹುದು, ಅಯಸ್ಕಾಂತ ಆಡುವುದಿಲ್ಲ. 'ಕಲ್ಲು ಖರೆ ಐತಿ ಮಾಸ್ತರ. ತಡೀರಿ.' ಹಾಗೆಂದು ನಂಬಿ ನಾವೆಲ್ಲ ತಡೆದೆವು.

ಒಂದು ಮಧ್ಯಾಹ್ನ ನಾನು ಕಾಕಾನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಎದುರಿಗೆ ಚಿನ್ನ-ಬೆಳ್ಳಿ ಕೆಲಸದ ಪತ್ತಾರರ ಅಂಗಡಿ. ಆ ನೇಕಾರ ಹೆಣ್ಣುಮಗಳು ಅತ್ತೆಯ ಸಂದೂಕದಲ್ಲಿ ಸಿಕ್ಕ ಹಳೆಯ ರೂಪಾಯಿ ನಾಣ್ಯಗಳನ್ನು ಬೆಳ್ಳಿಯೆಂದು ಮಾರಲು ತಂದಿದ್ದಳು. ಪತ್ತಾರರು ಒಂದನ್ನು ಒರೆಗಲ್ಲಿಗೆ ತಿಕ್ಕಿ ನೋಡಿ ತಲೆ ಅಲ್ಲಾಡಿಸಿದರು.

'ಬೆಳ್ಳಿ ಅಲ್ಲ ಯವ್ವಾ. ನಿಕ್ಕಲ್ ರೂಪಾಯಿ. ಆಗಿನ ಕಾಲದ್ದು, ಅಪ್ಪಟ ನಿಕ್ಕಲ್.'

ಕಾಕಾ ಗದ್ದಿಗೆಯಿಂದಲೇ ಕೂಗಿದರು. 'ಏನಂದ್ರಿ? ನಿಕ್ಕಲ್ಲಾ? ತಾರವಾ ತಂಗಿ ಇಲ್ಲೆ!'

ಅವಳು ರಸ್ತೆ ದಾಟಿ ಬಂದು ನಾಣ್ಯವನ್ನು ಅವರ ಅಂಗೈಯಲ್ಲಿಟ್ಟಳು. ಬಹಳ ದಿನಗಳ ನಂತರ ಕಾಕಾನ ಮುಖ ಬೆಳಗಿತ್ತು. ದೇವರ ದರ್ಶನಕ್ಕೆ ನಿಂತವರ ಹಾಗೆ. ಅಯಸ್ಕಾಂತ ಬಿಚ್ಚಿ ಹತ್ತಿರ ತಂದರು.

ನಾಣ್ಯ ನೆಗೆದು ಟಕ್ಕನೆ ಅಂಟಿತು.

ಕಾಕಾ ಅದನ್ನು ಕಿತ್ತರು. ಮತ್ತೆ ಹಿಡಿದರು. ಟಕ್. ಇನ್ನೊಂದು ನಾಣ್ಯ ಇಸಿದುಕೊಂಡು ಹಿಡಿದರು. ಅದೂ ಟಕ್.

'ಪತ್ತಾರ್ರ, ಇದರಾಗ ಕಬ್ಬಿಣ ಐತಿ.'

ಪತ್ತಾರರು ತಮ್ಮ ಅಂಗಡಿಯ ಬಾಗಿಲಿಗೆ ಬಂದು ನಿಂತರು. 'ಇಲ್ರೀ ಕಾಕಾ. ನಿಕ್ಕಲ್ ಅಂದ್ರ ಅಂಟಾಕ ಬೇಕು, ಅದರ ಜಾತಿನ ಅದು. ಸ್ಟೀಲಿನಾಗ ಬೆರಸಿದಾಗ ಅಷ್ಟ ಅಂಟಂಗಿಲ್ಲ.'

'ಹಂಗಾರ... ಕಲ್ಲಿನಾಗ?'

'ಕಲ್ಲಿಗೂ ಚುಂಬಕಕ್ಕೂ ಏನ್ ಬೀಗತನರೀ? ಕೃಷ್ಣಾ ಹೊಳಿಗೆ ಹೋಗಿ ಯಾವ ಕಲ್ಲರ ತರ್ರಿ. ಅದೂ ಅಂಟಂಗಿಲ್ಲ.'

ಪತ್ತಾರರು ತಮಾಷೆಗೆ ಅಂದದ್ದು. ಆಗಷ್ಟೇ ಬೆಳಗಿದ್ದ ಕಾಕಾನ ಮುಖ ಆರಿಹೋಗಿತ್ತು. ಗಂಟು ಹೋದಾಗ ಆ ಮುಖ ಹಾಗಾಗಿರಲಿಲ್ಲ. ಅವರು ನಾಣ್ಯಗಳನ್ನು ಒಂದೊಂದಾಗಿ ಕಿತ್ತು, ಪಂಚೆಗೆ ಒರೆಸಿ, ಅವಳ ಕೈಗೆ ಕೊಟ್ಟರು. ಅವಳು ನಿಧಾನಕ್ಕೆ ಕೇಳಿದಳು: 'ಹಂಗಾರ ಕಾಕಾ, ನೀವು ಅಂಟಂಗಿಲ್ಲ ಅಂದದ್ದು...?'

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದೇ ಹೆಚ್ಚು ಚುಚ್ಚಿರಬೇಕು. ಕಾಕಾ ಹಾಡಹಗಲೇ ಅಂಗಡಿಯ ಬಾಗಿಲು ಎಳೆದರು.

ಮರುದಿನ ಬೆಳಿಗ್ಗೆ ನನ್ನ ಮನೆ ಮುಂದೆ ಒಂದು ಕೈಗಾಡಿ ನಿಂತಿತ್ತು. ತುಂಬ ತಾಟುಗಳು, ಪಂಕ್ತಿ ಊಟಕ್ಕೆ ಸಾಲುವಷ್ಟು. ಮೇಲೆ ಎರಡು ಹಂಡೆ. ಗಾಡಿಯ ಹಿಂದೆ ಕಾಕಾ, ಬೆವರುತ್ತ.

'ಏನಿದು ಕಾಕಾ?'

'ನೀವು ಷೇರಿಗೆ ಹಾಕಿದಷ್ಟು. ಅಸಲು ಬೆಲಿ ಹಿಡದೇನಿ, ಲಾಭ ಹಿಡದಿಲ್ಲ.'

'ನಿಮಗ ತಲಿ ಕೆಟ್ಟೈತೇನ್ರಿ? ನೀವು ಹಾಕ್ರಿ ಅಂದಿದ್ರೇನ? ನಮ್ಮ ಆಸೆಗೆ ನಾವು ಹಾಕೀವಿ.'

'ನಾ ಹಾಕ್ರಿ ಅನ್ನಲಿಲ್ಲ ಮಾಸ್ತರ. ಅಂಟಂಗಿಲ್ಲ ಅಂದೆ. ಹಾಕ್ರಿ ಅಂದಿದ್ರ ನೀವು ವಿಚಾರ ಮಾಡ್ತಿದ್ರಿ.'

ಗಾಡಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದೆ.

ತಡೆಯಬಲ್ಲವರು ಕಾಕು ಒಬ್ಬರೇ ಎಂದು ಅಂಗಡಿಗೆ ಓಡಿದೆ. ಒಳಗೆ ಅರ್ಧ ಹಲಗೆಗಳು ಆಗಲೇ ಬರಿದಾಗಿದ್ದವು. ಎತ್ತಿದ ಭಾಂಡೆಯ ದುಂಡನೆ ಗುರುತುಗಳು ಧೂಳಿನಲ್ಲಿ. ಕಾಕು ಸೆರಗು ಸಿಕ್ಕಿಸಿ ಕೊಡಗಳನ್ನು ಒರೆಸುತ್ತಿದ್ದರು. ಕಣ್ಣು ಕೆಂಪಗಿದ್ದವು.

'ಕಾಕು, ನೀವರ ಹೇಳ್ರಿ. ನಾಳೆ ಏನ್ ಮಾರ್ತೀರಿ?'

'ಚುಂಬಕ ಅವರದು, ಮಾತು ಅವರದು. ಭಾಂಡೆ ನಂದೂ ಹೌದಲ್ಲ ಅಂತ ರಾತ್ರಿ ಜಗಳ ತಗದೆ ಮಾಸ್ತರ. ಅದಕ್ಕವರು ಏನಂದ್ರು ಗೊತ್ತೇನ? ಇದನ್ನ ತುಂಬಿ ಕೊಡದಿದ್ರ ನಾಳೆ ನಾ ಕೊಡಕ್ಕ ಚುಂಬಕ ಹಿಡದು ಅಂಟಂಗಿಲ್ಲ ಅಂದ್ರ ಯಾರು ನಂಬ್ತಾರ ಅಂದ್ರು.' ಕಾಕು ಒಂದು ಕೊಡವನ್ನು ಬೆಳಕಿಗೆ ಹಿಡಿದು, ನೆಗ್ಗಿದ್ದು ಕಂಡು ಪಕ್ಕಕ್ಕಿಟ್ಟರು. 'ಕೊಡೂದಾದ್ರ ಛಲೋದ ಕೊಡ್ರಿ, ನೆಗ್ಗಿದ್ದು ಕೊಡಬ್ಯಾಡ್ರಿ ಅಂದೆ. ಆತು, ಮುಗೀತು.'

ಚಹಾದವನಿಗೆ ದೊಡ್ಡ ಡಬರಿಗಳು ಹೋದವು, ಉಳಿದವರಿಗೆ ನನ್ನಂತೆಯೇ ತಾಟು, ಹಂಡೆ. ನೇಕಾರ ಹೆಣ್ಣುಮಗಳಿಗೆ ಮಾರಿಕೊಳ್ಳಲು ಅನುಕೂಲವಾಗಲೆಂದು ಕೊಡಗಳನ್ನು ಕೊಟ್ಟರು. ಅವಳು ಬೇಡಬೇಡವೆಂದರೂ ಕಾಕಾ ಅಂಗಳದಲ್ಲಿ ಇಳಿಸಿ ಬಂದರು. ನಾನು ಸೋತು ಒಂದೇ ಕೇಳಿದೆ: 'ಹೆಸರರ ಕೊರೀರಿ ಕಾಕಾ. ನಿಮ್ಮ ಹೆಸರು.'

'ಇದೇನ್ ಆಹೇರ ಏನ್ರಿ?' ಎಂದರು. 'ಆಹೇರಕ್ಕ ಹೆಸರು. ಇದಕ್ಯಾಕ?' ಗಾಡಿ ತಿರುಗಿಸುತ್ತ ಸ್ವಲ್ಪ ಹಳೆಯ ಕಾಕಾ ಇಣುಕಿದರು: 'ಷೇರು ಏರಿತಂದ್ರ ತಾಟು ತಿರಗಿ ತರ್ರಿ ಮತ್ತ. ತಿಕ್ಕಿ ತರ್ರಿ.'

ಷೇರು ಏರಲಿಲ್ಲ. ಅದಿನ್ನೂ ನನ್ನ ಖಾತೆಯಲ್ಲಿದೆ, ಹಳೆಯ ಬಸ್ ಟಿಕೀಟಿನಂತೆ. ಕಾಕಾ ಅರ್ಧ ಅಂಗಡಿಯಿಂದಲೇ ಮತ್ತೆ ಶುರುಮಾಡಿದರು. ಮಾಳಿಗೆ ಏರಲಿಲ್ಲ. ಗಿರಾಕಿಗಳು ಕಡಿಮೆಯಾಗಲಿಲ್ಲ, ಅಯಸ್ಕಾಂತವೂ ಉಡದಾರ ಬಿಡಲಿಲ್ಲ. ತೀರ್ಪು ಮಾತ್ರ ಒಂದು ವಾಕ್ಯದಷ್ಟು ಉದ್ದವಾಯಿತು. 'ಅಂಟಂಗಿಲ್ಲ. ಭಾಂಡೆ ಅಷ್ಟಕ್ಕ ಇದರ ಮಾತು ಮತ್ತ.'

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಕಾಕಾ ತೀರಿಕೊಂಡರು. ಬೆಳಿಗ್ಗೆ ಅಂಗಡಿಯ ಕೀಲಿ ತೆಗೆಯಲು ಬಗ್ಗಿದವರು ಮತ್ತೆ ಏಳಲಿಲ್ಲ. ಪೂಜೆಗೆಂದು ಹೂ ಹರಿಯುತ್ತಿದ್ದ ನಾನು ಸುದ್ದಿ ಕೇಳಿ, ಹೂವಿನ ಬುಟ್ಟಿ ಹಿಡಿದೇ ಪೇಟೆಯ ತನಕ ಓಡಿದ್ದೆ ಎಂದು ಆಮೇಲೆ ಜನ ಹೇಳಿದರು. ನನಗೆ ನೆನಪಿಲ್ಲ.

ಸಾವಿನ ನಂತರದ ಶಿವಗಣಾರಾಧನೆಯ ಊಟಕ್ಕೆ ಓಣಿಯವರು ಭಾಂಡೆ ಕೊಡುವುದು ರೂಢಿ, ಷೇರು ಹಾಕಿದ ನಾವೆಲ್ಲ ಕಾಕಾ ಕೊಟ್ಟವನ್ನೇ ಹೊರತೆಗೆದೆವು. ನಾನು ತಾಟು, ಹಂಡೆ ಒಯ್ದೆ. ಚಹಾದವನು ಡಬರಿ ತಂದ. ನೇಕಾರ ಹೆಣ್ಣುಮಗಳು ಕೊಡ ಹೊತ್ತು ಬಂದಳು, ಒಂದನ್ನೂ ಮಾರಿರಲಿಲ್ಲ. ಅಷ್ಟು ಜನ ಆ ಭಾಂಡೆಗಳಲ್ಲಿ ಉಂಡರು. ತಿಕ್ಕಿ ಅಂಗಳದಲ್ಲಿ ಬೋರಲು ಹಾಕಿದ ಮೇಲೆ ನಮ್ಮ ನಮ್ಮವನ್ನು ಆರಿಸಿಕೊಳ್ಳಲು ಹೋಗಿ ಎಲ್ಲರೂ ನಿಂತುಬಿಟ್ಟೆವು. ಯಾವುದರ ಮೇಲೂ ಹೆಸರಿಲ್ಲ. ಬಿಸಿಲಿಗೆ ಹೊಳೆಯುವ ಬರೀ ಸ್ಟೀಲು.

ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. 'ಯಾವರ ಒಯ್ರಿ ಮಾಸ್ತರ,' ಎಂದರು, 'ಎಲ್ಲಾ ಅವರವ.'

ಈಗ ನನ್ನ ಮನೆಯಲ್ಲಿರುವ ತಾಟುಗಳು ಯಾರ ಪಾಲಿನವೋ ನನಗೆ ಗೊತ್ತಿಲ್ಲ. ಹೆಸರು ಕೊರೆಸಿಕೊಂಡು ಬಾ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ, 'ಇದೇನ್ ಆಹೇರ ಏನ್ರಿ' ಎಂದ ಕಾಕಾನ ಮಾತು ನೆನೆದು ನಾನು ಒಯ್ದಿಲ್ಲ. ಇಷ್ಟೆಲ್ಲ ಬರೆದೂ ಇಲ್ಲಿ ಅವರ ಹೆಸರು ಬರೆಯದೇ ಇರುವುದಕ್ಕೂ ಅದೇ ಕಾರಣ.