ನೀಲವ್ವ ತೋಡಿದ ಕುಣಿ

ಸೆಗಣಿಯಿಂದ ಸಾರಿಸಿದ ಮಣ್ಣಿನ ನೆಲದ ಮೇಲೆ ಎಂದಾದರೂ ಬರಿಗಾಲಲ್ಲಿ ನಡೆದಿದ್ದರೆ, ಗೆಳೆಯರೇ, ಅದರ ತಂಪು ನಿಮಗೆ ಗೊತ್ತೇ ಇರುತ್ತದೆ. ಆ ನೆಲಕ್ಕೆ ಹಾರೆ ಹಾಕುವುದೆಂದರೆ ನಮ್ಮ ಕಡೆ ಅಪಶಕುನ. ನಡುಮನೆಯಲ್ಲಿ ಕುಣಿ ತೋಡಿದರೆ ಹೆಣ ಬೀಳುತ್ತದೆ ಎಂಬ ಮಾತು ಕೇಳಿಯೇ ಬೆಳೆದವನು ನಾನು.

ಐವತ್ತರ ದಶಕದ ಕೊನೆ. ಹತ್ತಿಮತ್ತೂರಿನ ಆಚೆಯ ಸಣ್ಣ ಹಳ್ಳಿಗೆ ಮಾಸ್ತರನಾಗಿ ಹೋದ ಹೊಸದರಲ್ಲಿ, ಶಾಲೆಗೆ ಮಕ್ಕಳ ಹೆಸರು ಹಚ್ಚಲು ಮನೆಮನೆ ತಿರುಗುತ್ತಿದ್ದೆ. ನೀಲವ್ವ ಎಂಬಾಕೆಯ ಹೊಸ್ತಿಲು ದಾಟಿದವನು ಕಲ್ಲಾಗಿ ನಿಂತೆ. ನಡುಮನೆಯ ನೆಲದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಸೊಂಟದವರೆಗೆ ಹೂತುಹೋಗಿದ್ದಳು! ಗ್ರಹಣದ ದಿನ ಕಾಲು ಬಾರದ ಮಕ್ಕಳನ್ನು ತಿಪ್ಪೆಯಲ್ಲಿ ಹೂಳುವ ಸುದ್ದಿ ಕೇಳಿದ್ದೆ, ಮೈಯೆಲ್ಲ ಉರಿಯಿತು.

"ತಾಯಿ ಅದೀಯೋ, ರಾಕ್ಷಸಿ ಅದೀಯೋ?" ಎಂದು ಕೂಗುತ್ತಲೇ ರಟ್ಟೆ ಹಿಡಿದು ಹುಡುಗಿಯನ್ನು ಮೇಲೆತ್ತಿ ನೆಲದ ಮೇಲೆ ಕೂರಿಸಿದೆ. ಕೈಬಿಟ್ಟದ್ದೇ ತಡ, ಅರಿವೆಯ ಗಂಟಿನಂತೆ ಕುಸಿದಳು. ಹಣೆ ನೆಲಕ್ಕೆ ಬಡಿಯಿತು.

ರೊಟ್ಟಿ ಬಡಿಯುತ್ತಿದ್ದ ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಮಗಳನ್ನು ಎತ್ತಿಕೊಂಡಳು.

"ಕುಂದ್ರಿಸಿದ್ರ ಉಳ್ಳಿ ಬೀಳ್ತಾಳ್ರಿ, ಮಲಗಿಸಿದ್ರ ಬೆನ್ನ ಹುಣ್ಣಾಗ್ತೈತಿ. ಕುಣ್ಯಾಗ ನಿಂತ್ರ ಓಣ್ಯಾಗ ಹೋಗೋ ಮಂದಿನ್ನರ ನೋಡ್ತಾಳಂತ ನಾನ ತೋಡೇನ್ರಿ. ಒಳಗ ಹಳೆ ಕೌದಿ ಹಾಸೇನಿ."

ಅಯ್ಯೋ, ಕ್ರೌರ್ಯವೆಂದು ಬೆಚ್ಚಿದವನು ಈಗ ಆ ತಾಯಿಯ ಜಾಣತನಕ್ಕೆ ಇನ್ನಷ್ಟು ಬೆಚ್ಚಿದೆ. ಮಗಳು ಬೆಳೆದಂತೆಲ್ಲ ವರ್ಷಕ್ಕೊಮ್ಮೆ ಕುಣಿಯನ್ನು ನಾಲ್ಕು ಬೆರಳು ಆಳ ಮಾಡುತ್ತಾಳಂತೆ. ಅಪಶಕುನಕ್ಕೆ ಹೆದರಿ ಅತ್ತೆ ಬೇರೆ ಒಲೆ ಹೂಡಿದ್ದಾಳೆ. ಪಂಚಮಿಗೆ ಕರೆದೊಯ್ಯಲು ಶಿಗ್ಗಾಂವದಿಂದ ಬರುತ್ತಿದ್ದ ಅಣ್ಣ, ಹುಡುಗಿಗಾಗಿ ತನ್ನ ಮನೆಯ ನೆಲವನ್ನೂ ಅಗೆಯಲು ಒಪ್ಪದೆ, ಬರುವುದನ್ನೇ ಬಿಟ್ಟಿದ್ದಾನೆ. ತವರಿಗೆ ಹೋಗುವಂತಿಲ್ಲ, ಹೊಲದ ಕೆಲಸಕ್ಕೆ ಹೋಗುವಂತಿಲ್ಲ, ಪಕ್ಕದ ಮನೆಯ ಕಟ್ಟೆಯ ಮಾತೂ ಇಲ್ಲ. ವರ್ಷಗಟ್ಟಲೆ ಅವಳ ಬದುಕು ಆ ಹೊಸ್ತಿಲನ್ನೇ ದಾಟಿರಲಿಲ್ಲ. ಇದನ್ನೆಲ್ಲ ಅವಳು ಅಳುತ್ತ ಹೇಳಲಿಲ್ಲ. ಮಗಳನ್ನು ಕುಣಿಯಲ್ಲಿ ನಿಲ್ಲಿಸಿ, ಮತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಹೊರಡಲು ತಿರುಗಿದೆ.

"ಮಾಸ್ತರ, ಸಾಲಿ ನೆಲಾನೂ ಮಣ್ಣಿಂದ ಐತಲ್ರಿ? ಅಲ್ಲೊಂದ ಕುಣಿ ತೋಡ್ಲೇನ್ರಿ? ಇಕಿ ನಿಂತ ಪಾಠ ಕೇಳ್ತಾಳ. ಅಷ್ಟೊತ್ತು ನಾ ಹೊಲಕ್ಕ ಹೋಗಿ ಬರ್ತೇನಿ."

ಶಾಲೆಯೊಳಗೆ ಕುಣಿ! ಊರ ಹಿರಿಯರ ಮುಖಗಳು ಕಣ್ಣ ಮುಂದೆ ಸಾಲಾಗಿ ಬಂದವು.

"ಹೆಡ್‌ಮಾಸ್ತರನ್ನ ಕೇಳಿ ಹೇಳ್ತೇನಿ," ಎಂದು ಚಪ್ಪಲಿ ಮೆಟ್ಟಿದೆ.

"ಹೂಂ ರೀ," ಎಂದಳು ನೀಲವ್ವ, ನನ್ನ ಮುಖವನ್ನೇ ನೋಡುತ್ತ.

ಅದು ಒಬ್ಬನೇ ಮಾಸ್ತರನ ಶಾಲೆ. ಹೆಡ್‌ಮಾಸ್ತರನೂ ನಾನೇ ಎಂಬುದು ಅವಳಿಗೆ ಗೊತ್ತಿತ್ತು.