ಶ್ರೀಕಂಠ ಅಂಕಲ್ ಮತ್ತು ಮುಗಿದುಹೋದ ಮ್ಯಾಚುಗಳು

ಶ್ರೀಕಂಠ ಅಂಕಲ್ ಯಾವ ಮ್ಯಾಚನ್ನೂ ಅದರ ಫಲಿತಾಂಶ ಓದಿಕೊಳ್ಳದೆ ನೋಡುತ್ತಿರಲಿಲ್ಲ. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಯಾರು ಗೆದ್ದರು, ಯಾರು ಎಷ್ಟು ಪಾಯಿಂಟ್ ಹೊಡೆದರು, ಎಷ್ಟು ರೀಬೌಂಡ್ ಹಿಡಿದರು, ಎಷ್ಟು ಫೌಲ್ ಮಾಡಿದರು ಎಂಬುದನ್ನೆಲ್ಲ ಒಂದು ಪ್ರಿಂಟೌಟಿನಲ್ಲಿ ಓದಿ ಮುಗಿಸಿದ ಮೇಲೆಯೇ ರಿಮೋಟಿಗೆ ಕೈ ಹಾಕುತ್ತಿದ್ದರು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂರುವ ಮೊದಲು ಅಡುಗೆಯವರನ್ನು ಕಂಡು ಏನೇನು ಮಾಡಿದ್ದಾರೆಂದು ವಿಚಾರಿಸಿಕೊಂಡು ಬರುವವರಿರುತ್ತಾರಲ್ಲ, ಹಾಗೆ. ಮ್ಯಾಚುಗಳೋ, ನಾನು ಹುಟ್ಟುವ ಮೊದಲೇ ಅಮೆರಿಕದಲ್ಲಿ ಆಡಿ ಮುಗಿಸಿದ್ದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು. ಚಿತ್ರ ಮಸುಕು, ಆಟಗಾರರ ಚಡ್ಡಿ ತೀರಾ ಗಿಡ್ಡ.

2010ರ ದಶಕದ ನಡುವಿನಲ್ಲಿ ನಾನು ಸಿಂಗಪುರದ ಟೋವಾ ಪಾಯೋದಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಅಲ್ಲೇ ಹತ್ತಿರದ ಆಂಗ್ ಮೋ ಕಿಯೋದಲ್ಲಿ ಆಫೀಸು. ಅಂಕಲ್ ಮೈಸೂರಿನ ಕಾಲೇಜು ದಿನಗಳಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರರಂತೆ, ಎತ್ತರದ ಆಳು. ಆ ಎತ್ತರ, ಆ ಹುಚ್ಚು ಎರಡೂ ಮಗಳು ಮೇಘನಾಗೆ ಬಂದಿದ್ದವು. ಅವಳ ಒಂದು ಸ್ಕೂಲ್ ಮ್ಯಾಚಿನಲ್ಲಿ ಕಿರುಚುತ್ತ ನಿಂತಿದ್ದ ಅಂಕಲ್ ಎದೆ ಹಿಡಿದುಕೊಂಡು ಕುಸಿದರು. ಸ್ಟೆಂಟ್ ಹಾಕಿ ಉಳಿಸಿದ ಡಾಕ್ಟರು, ಟೆನ್ಶನ್ ಮಾಡಿಕೊಳ್ಳಬೇಡಿ ಎಂದಷ್ಟೇ ಹೇಳಿ ಕಳಿಸಿದ್ದರು. ಜಲಜಾ ಆಂಟಿ ಅದಕ್ಕೆ ತಮ್ಮದೇ ಅರ್ಥ ಮಾಡಿಕೊಂಡರು: ಇನ್ನು ಈ ಮನುಷ್ಯ ಗೆಲುವು ಸೋಲು ಗೊತ್ತಿಲ್ಲದ ಯಾವ ಆಟವನ್ನೂ ನೋಡಕೂಡದು.

ಹಾಗಾಗಿ ಈ ಏರ್ಪಾಡು. ಇಂಟರ್ನೆಟ್ಟಿನಲ್ಲಿ ಹಳೆಯ ಮ್ಯಾಚನ್ನೂ ಅದರ ಅಂಕಿ ಅಂಶವನ್ನೂ ಹುಡುಕಿ, ಅಂಕಲ್ ಮೆಚ್ಚಿದ ತಂಡವೇ ಗೆದ್ದಿದೆಯೆಂದು ಖಾತ್ರಿ ಮಾಡಿಕೊಂಡು, ಪ್ರಿಂಟೌಟನ್ನು ಮಾತ್ರೆಯ ಜೊತೆ ಕೊಡುವುದು ಆಂಟಿಯ ಕೆಲಸ. ಆಂಟಿಗೆ ಬ್ಯಾಸ್ಕೆಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಆದರೆ ಗಂಡನ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದರು.

ಇಂಥ ನೋಟದಲ್ಲಿ ಏನು ಮಜಾ ಎಂದು ಒಮ್ಮೆ ಕೇಳಿದ್ದೆ. ಅಂಕಲ್ ಹುಬ್ಬು ಹಾರಿಸಿ, "ಸ್ಕೋರ್ ಬಿಡೋ, ಫೌಲ್ ಕಾಲಂ ನೋಡು. ಯಾರಿಗೆ ಗೆಲ್ಲೋ ಆಸೆ ಜಾಸ್ತಿ ಇತ್ತು ಅಂತ ಅಲ್ಲಿ ಗೊತ್ತಾಗತ್ತೆ" ಎಂದಿದ್ದರು. ಆಟಗಾರರಿಗೆಲ್ಲ ಅಂಕಲ್ ಇಟ್ಟದ್ದೇ ಹೆಸರು. ಒಬ್ಬ ಕನ್ನಡಕದವನು, ಇನ್ನೊಬ್ಬ ಮೀಸೆ. ಎರಡು ನಿಮಿಷ ಆಡಿ ಎಲ್ಲ ಕಾಲಮ್ಮಿನಲ್ಲೂ ಸೊನ್ನೆ ಪಡೆದವನು ಸೊನ್ನೆಸ್ವಾಮಿ. "ಮೀಸೆ ಲೆಕ್ಕದಲ್ಲಿ ಇನ್ನೊಂದು ಫೌಲ್ ಬಾಕಿ ಇದೆ. ಈಗ ಮಾಡ್ತಾನೆ ನೋಡು" ಎನ್ನುವರು. ಮೀಸೆ ಹೋಗಿ ಯಾರಿಗೋ ಗುದ್ದುವನು. "ಹೇಳಿದ್ನಾ?" ಎಂದು, ತಾವೇ ಫೋನ್ ಮಾಡಿ ಗುದ್ದಿಸಿದವರಂತೆ ಬೀಗುವರು. ನಾನೂ ಬರಬರುತ್ತ ಸೊನ್ನೆಸ್ವಾಮಿಯ ಅಭಿಮಾನಿಯಾದೆ.

ಒಂದು ಭಾನುವಾರ ಮೂರನೇ ಕ್ವಾರ್ಟರಿನಲ್ಲಿ ಅಂಕಲ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಪ್ರಿಂಟೌಟಿನ ಪ್ರಕಾರ ಇಡೀ ಮ್ಯಾಚಿನಲ್ಲಿ ಕನ್ನಡಕದವನು ಗಳಿಸಬೇಕಾದ ಪಾಯಿಂಟು ಆಗಲೇ ದಾಟಿಹೋಗಿತ್ತು. ಅವೇ ಎರಡು ತಂಡಗಳು ಆ ಸೀಸನ್ನಿನಲ್ಲಿ ಮತ್ತೆ ಮತ್ತೆ ಎದುರಾಗಿದ್ದವು. ಆಂಟಿ ತಂಡಗಳ ಹೆಸರು ಮಾತ್ರ ನೋಡಿ ಬೇರೊಂದು ದಿನದ ಅಂಕಿ ಅಂಶ ಕೊಟ್ಟುಬಿಟ್ಟಿದ್ದರು. ಅಂದರೆ ಈ ಮ್ಯಾಚು ಏನಾಗುತ್ತದೆಂದು ಅಂಕಲ್‌ಗೆ ಗೊತ್ತಿರಲಿಲ್ಲ.

ಅವರು ಹಾಳೆಯನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು, ಅಡುಗೆಮನೆಯ ಕಡೆ ಕಣ್ಣು ತೋರಿಸಿ, ತುಟಿಯ ಮೇಲೆ ಬೆರಳಿಟ್ಟರು. ನಾನು ರಿಮೋಟಿಗೆ ಕೈ ಚಾಚಿದೆ.

"ಅಂಕಲ್, ಆಫ್ ಮಾಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ."

ಕೊನೆಯ ಕ್ವಾರ್ಟರನ್ನು ನಾನು ಟಿವಿಯಲ್ಲಿ ನೋಡಲೇ ಇಲ್ಲ, ಅವರ ಮುಖದಲ್ಲಿ ನೋಡಿದೆ. ಬೆವರು, ಬಿಗಿದ ದವಡೆ, ಮುಂದಕ್ಕೆ ಬಾಗಿದ ಬೆನ್ನು. ಆಂಬುಲೆನ್ಸಿನ ನಂಬರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವರ ತಂಡ ಒಂದೇ ಒಂದು ಬ್ಯಾಸ್ಕೆಟಿನ ಅಂತರದಲ್ಲಿ ಸೋತಿತು.

"ಸೋತ್ವಿ ಕಣೋ!" ಎಂದರು ಅಂಕಲ್, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ.

ಒಳಗಿನಿಂದ ಓಡಿಬಂದ ಆಂಟಿಗೆ ಹಾಳೆ ತೋರಿಸಿದರು. ಆಂಟಿ ಬೈಯುವುದನ್ನೂ ಮರೆತು ಬಿಪಿ ಮೆಷಿನ್ ತಂದು ಕಟ್ಟಿದರು. ನಾರ್ಮಲ್. "ಮೆಷಿನ್ನೇ ಕೆಟ್ಟಿದೆ" ಎಂದು ನನ್ನ ತೋಳಿಗೆ ಕಟ್ಟಿದರು. ನನ್ನದು ಮೇಲೆ ಹೋಗಿತ್ತು.

"ಇಲ್ಲ ಕಣ್ರೀ, ಮೆಷಿನ್ ಸರಿಯಾಗಿದೆ. ಈ ಹುಡುಗಂದೇ ಜಾಸ್ತಿ" ಎಂದು ಆಂಟಿ ಸೋಫಾಕ್ಕೆ ಒರಗಿದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮನೆಯಲ್ಲಿ ಅಂಥ ನಗು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಮೇಘನಾ ಮೆಲ್ಲಗೆ ಬಾಯಿಬಿಟ್ಟಳು. ಅಪ್ಪ ಬಿದ್ದ ದಿನದಿಂದ ಅವಳು ತನ್ನ ಮ್ಯಾಚುಗಳ ಸುದ್ದಿಯನ್ನೇ ಮನೆಯಲ್ಲಿ ಎತ್ತುತ್ತಿರಲಿಲ್ಲ.

"ಅಪ್ಪಾ, ಶನಿವಾರ ನಂದು ಫೈನಲ್ ಇದೆ. ಬಾ ಲಾ. ಸುಮ್ನೆ ಕೂತ್ಕೊಂಡು ನೋಡು, ಕಿರುಚಬೇಡ, ಓಕೆ?" ಎಂದಳು, ಸಿಂಗಪುರದವರ ಹಾಗೆ ಮಾತಿಗೊಂದು "ಲಾ" ಸೇರಿಸಿ.

"ಬೇಡ" ಎಂದರು ಆಂಟಿ. ಅಂಕಲ್ ಹೆಂಡತಿಯ ಕಡೆ ತಿರುಗಿದರು. "ಜಲಜಾ, ಮುಗಿದಿರೋ ಮ್ಯಾಚ್ ನೋಡಿ ನೋಡಿ ನಾನೂ ಮುಗಿದೋನ ಥರ ಆಗಿದೀನಿ ಕಣೇ. ಅವಳು ಆಡೋದನ್ನ ಒಂದ್ಸಲ ನೋಡ್ತೀನಿ." ಆಂಟಿ ಬಿಪಿ ಮೆಷಿನ್ನಿನ ಪಟ್ಟಿ ಸುತ್ತಿ ಡಬ್ಬಿಗೆ ಹಾಕಿದರು. ಆಮೇಲೆ, ತಾವೂ ಪಕ್ಕದಲ್ಲೇ ಕೂರುವುದಾಗಿ ಹೇಳಿದರು.

ಆ ಶನಿವಾರವೇ ನಾನು ಅಂಕಲ್‌ರನ್ನು ಕೊನೆಯ ಬಾರಿ ನೋಡಿದ್ದು. ಪ್ರಾಜೆಕ್ಟ್ ಮುಗಿದು ಮರುದಿನವೇ ಸಿಂಗಪುರ ಬಿಟ್ಟೆ. ಹಬ್ಬಕ್ಕೊಮ್ಮೆ ಅವರ ಮೆಸೇಜು ಬರುತ್ತದೆ. ಆರೋಗ್ಯವಾಗಿದ್ದಾರೆ, ಮಗಳ ಮ್ಯಾಚುಗಳಿಗೆ ತಪ್ಪದೆ ಹೋಗುತ್ತಾರೆ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಆ ದಿನದ ಅಂಕಲ್.

ಕಿರುಚುವುದಿಲ್ಲವೆಂದು ಮಗಳಿಗೆ ಕೊಟ್ಟ ಮಾತು ಹತ್ತು ನಿಮಿಷವೂ ನಿಲ್ಲಲಿಲ್ಲ. ಎದ್ದು ನಿಂತು ಮೈಸೂರಿನ ಕನ್ನಡದಲ್ಲಿ ರೆಫರಿಯನ್ನು ಬೈದರು, "ಪಾಸ್ ಕೊಡಮ್ಮಾ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಕೊನೆಯ ಸೈರನ್ ಆದಾಗ ಹಾಲ್ ತುಂಬ ಗದ್ದಲ. ಆ ಗದ್ದಲದ ನಡುವೆ ಆಂಟಿ ಎದ್ದು ನಿಂತು, ಅಂಕಲ್‌ರ ಎದೆಯ ಮೇಲೆ ಅಂಗೈ ಒತ್ತಿ ಹಿಡಿದರು.

"ಏನೇ ಇದು, ಎಲ್ಲಾರೂ ನೋಡ್ತಿದಾರೆ."

"ನೋಡ್ಲಿ ಬಿಡಿ."

ಕೈ ತೆಗೆಯಲು ಆಂಟಿಗೆ ಸುಮಾರು ಹೊತ್ತು ಬೇಕಾಯಿತು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೇಳಿದರು:

"ಯಾರಪ್ಪಾ ಗೆದ್ದಿದ್ದು?"