ತಂಗಿಯ ತಾಟಿನ ಚಪಾತಿ

ತಂಗಿಗೆ ಹನ್ನೊಂದನೇ ವಯಸ್ಸಿಗೇ ಶುಗರ್ ಬಂದು ಇನ್ಸುಲಿನ್ ಶುರುವಾಗಿತ್ತು. ಎಂಬತ್ತರ ದಶಕದ ನಮ್ಮ ದಾಂಡೇಲಿಯಲ್ಲಿ ಶುಗರ್ ಎಂದರೆ ಅನ್ನ ಬಂದ್, ಚಪಾತಿ ಚಾಲೂ. ಅವ್ವ ಮೂರು ಹೊತ್ತೂ ಬಿಸಿ ಚಪಾತಿ ಬಡಿಸುತ್ತಿದ್ದಳು. ಪೂರ್ ಥಿಂಗ್, ತಂಗಿಗೆ ಸದಾ ಹೊಟ್ಟೆಯುಬ್ಬರ, ಭೇದಿ. ಸೊರಗಿದ ಅವಳ ಮೈಮೇಲೆ ಕಾನ್ವೆಂಟಿನ ಯೂನಿಫಾರ್ಮು ಹ್ಯಾಂಗರಿಗೆ ತೂಗುಹಾಕಿದಂತೆ ಕಾಣುತ್ತಿತ್ತು.

"ಇನ್ನೊಂದು ತಿನ್ನ, ಮೈ ಹಿಡೀತೈತಿ," ಎನ್ನುತ್ತಿದ್ದಳು ಅವ್ವ.

ಬೇಸಿಗೆ ರಜೆಗೆ ನಾವಿಬ್ಬರೇ ಕುಂಬಾರವಾಡದ ಚಿಗವ್ವನ ಮನೆಗೆ ಹೋದೆವು. ಒಯ್ದಿದ್ದ ಗೋಧಿಹಿಟ್ಟು ವಾರದಲ್ಲಿ ಮುಗಿಯಿತು. ಆ ಊರಲ್ಲಿ ಬೆಳೆಯುವುದೇ ಭತ್ತ.

"ಗಂಜಿ ಕುಡಿದ್ರ ಹುಡುಗಿಗೆ ಏನೂ ಆಗಂಗಿಲ್ಲ ಬಿಡ," ಎಂದಳು ಚಿಗವ್ವ.

ತಿಂಗಳೊಳಗೆ ಭೇದಿ ನಿಂತಿತು. ತಂಗಿಗೆ ನನ್ನ ಜತೆ ಜಗಳವಾಡುವಷ್ಟು ಶಕ್ತಿ ಬಂತು.

ತಂಗಿಯ ಶುಗರ್ ನೋಡುತ್ತಿದ್ದ ಹುಬ್ಬಳ್ಳಿಯ ಡಾಕ್ಟರು ಅದನ್ನು ಕೇಳಿ, ಟೆಸ್ಟ್ ಮಾಡಿಸಿ ಅವ್ವನಿಗೆ ಹೇಳಿದರು: "ಇದು ಸೀಲಿಯಾಕ್‌ರೀ. ಗೋಧಿ ಈಕಿಗೆ ಆಗೂದಿಲ್ಲ. ಸಣ್ಣ ವಯಸ್ಸಿನ ಶುಗರ್ ಇದ್ದವರಿಗೆ ಇದೂ ಬರಬಹುದು. ಎರಡರಾಗೂ ಮೈ ತನ್ನ ಮ್ಯಾಲೆ ತಾನ ತಿರುಗಿ ಬೀಳತೈತಿ."

"ನನ್ನ ಕೈಯಾರೆ ವಿಷಾ ಬಡಿಸಿದ್ನಲ್ಲ," ಎಂದು ಅವ್ವ ಬಸ್ಸಿನಲ್ಲಿ ಅತ್ತಳು.

"ವಿಷಾ ಭಾಳ ಮೆತ್ತಗ ಇತ್ತು ಬಿಡವ್ವಾ," ಎಂದಳು ತಂಗಿ.

ಅಂದು ಅವ್ವ ಅವಳಿಗೆ ಅಳೆದು ಅನ್ನ ಬಡಿಸಿದಳು. ಚಪಾತಿ ನಮ್ಮ ಯಾರ ತಾಟಿಗೂ ಬರಲಿಲ್ಲ.